ಹಸಿರು ಖಣ ತೊಟ್ಟ ಪುಸ್ತಕ

ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರ್ ಬಿಚ್ಚಿದೆ. ಬಿಚ್ಚಿದವಳಿಗೆ ಸಿಟ್ಟು ಬಂತು.

“ಏನ್ರಿ, ಇವತ್ತ ನಮಗ ತೆಲುಗು ಪೇಪರ್ ಒಗದ ಹೋಗ್ಯಾರ ನೋಡ್ರಿ!”

ನಮ್ಮವರು ಹಿತ್ತಲಿನಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದರು. ತಂಬಿಗೆ ಹಿಡಿದುಕೊಂಡೇ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಕನ್ನಡದ್ದ ಐತಲ್ಲ.”

“ಎಲ್ಲೈತ್ರಿ ಕನ್ನಡ? ಚಷ್ಮಾ ಹಾಕ್ಕೊಂಡ ನೋಡ್ರಿ.”

ಅವರು ಚಷ್ಮಾ ಹಾಕಿಕೊಂಡೇ ಇದ್ದರು. ನಾನೂ ಹಾಕಿಕೊಂಡಿದ್ದೆ. ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದೆ. ಅಕ್ಷರಗಳು ದುಂಡದುಂಡಗೆ, ಕಪ್ಪಗೆ, ಸ್ಪಷ್ಟವಾಗಿಯೇ ಇದ್ದವು. ಎಲ್ಲೋ ಕಂಡ ಮುಖಗಳು, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ, ಹಾಗೆ. ಒಂದು ಅಕ್ಷರವೂ ನನಗೆ ಏನನ್ನೂ ಹೇಳಲಿಲ್ಲ.

ನಮ್ಮವರು ತಂಬಿಗೆ ಕೆಳಗಿಟ್ಟರು. “ಗಿರಿಜಾ, ಎರಡೂ ಕೈ ಮ್ಯಾಲೆ ಎತ್ತು. ಹಾಂ. ಈಗ ಸ್ವಲ್ಪ ನಗು.”

“ಮುಂಜಮುಂಜಾನೆ ನಗೂದೇನ್ರಿ? ಹುಚ್ಚ ಹಿಡದೈತೇನು ನಿಮಗ?”

ಬೈದರೂ ನಕ್ಕು ತೋರಿಸಿದೆ. ಕೈ, ಬಾಯಿ ಎರಡೂ ಸರಿಯಾಗಿದ್ದವು, ಲಕ್ವಾದ ಗುರುತು ಇರಲಿಲ್ಲ. ಆಗ ಅವರು ನನ್ನ ಚಹಾದ ಕಪ್ಪನ್ನು ಎತ್ತಿ ನನ್ನ ಬಲಕ್ಕೆ ಹಿಡಿದು, “ಕಪ್ಪ ಎಲ್ಲೈತಿ?” ಎಂದು ಕೇಳಿದರು. ನನಗೆ ಕಾಣಲಿಲ್ಲ. ಕುತ್ತಿಗೆ ಹೊರಳಿಸಿದ ಮೇಲೆ ಕಂಡಿತು. ಭೂಮಾಪನ ಇಲಾಖೆಯಲ್ಲಿ ಹೊಲ ಅಳೆಯುವ ಸರಪಳಿ ಹಿಡಿದು ನಿವೃತ್ತರಾದ ಮನುಷ್ಯ, ಜನ್ಮದಲ್ಲಿ ಯಾವುದಕ್ಕೂ ಅವಸರ ಮಾಡಿದವರಲ್ಲ. ಆ ದಿನ ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು ಓಡಿಹೋಗಿ ಗಾಡಿ ತಂದರು.

ಇಳಕಲ್ಲಿನ ದವಾಖಾನೆಯಲ್ಲಿ ನೋಡಿದವರು, “ತಡ ಮಾಡಬ್ಯಾಡ್ರಿ, ಬಾಗಲಕೋಟಿಗೆ ಕರ್ಕೊಂಡ ಹೋಗ್ರಿ,” ಎಂದರು. ಹುನಗುಂದ ದಾಟುವಾಗ ನಾನು ಕಿಟಕಿಗೆ ಮುಖ ಹಚ್ಚಿ ಬೋರ್ಡುಗಳನ್ನೇ ನೋಡುತ್ತಿದ್ದೆ. ಊರುಗಳೆಲ್ಲ ಗೊತ್ತು. ಅಮೀನಗಡ ಬಂತೆಂದು ಕರದಂಟಿನ ಅಂಗಡಿಗಳಿಂದ ಗೊತ್ತಾಯಿತು. ಕಮತಗಿ ನನ್ನ ತವರು, ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಬೋರ್ಡುಗಳು ಮಾತ್ರ ಬಾಯಿ ಬಿಡಲಿಲ್ಲ. ನನಗೆ ಅಂಜಿಕೆ ಬರಬೇಕಿತ್ತು. ಖರೆ ಹೇಳುತ್ತೇನೆ, ಮೊದಲು ಬಂದದ್ದು ಕುತೂಹಲ. ಅಕ್ಷರ ಕಾಣುತ್ತದೆ, ಮತ್ತೆ ಓದು ಎಲ್ಲಿಗೆ ಹೋಯಿತು? ಎಲ್ಲಿ ಕೂತಿತ್ತು ಇಷ್ಟು ವರ್ಷ?

ಮಿದುಳಿನ ಹಿಂಭಾಗದಲ್ಲಿ ಎಲ್ಲೋ ರಕ್ತ ಹೆಪ್ಪುಗಟ್ಟಿತ್ತು. ಅದಕ್ಕಿಂತ ಹೆಚ್ಚು ಹೇಳಲು ನಾನು ಡಾಕ್ಟರಲ್ಲ. ನನ್ನನ್ನು ನೋಡಿದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಮರುದಿನ ಬಂದು ಹಾಳೆ, ಪೆನ್ನು ಕೊಟ್ಟು, “ಅಮ್ಮಾರ, ನಿಮಗ ಏನ ಅನಸ್ತೈತಿ ಅದನ್ನ ಒಂದ ಸಾಲು ಬರೀರಿ,” ಎಂದರು. ಬರೆದೆ. ಕೈ ತಡವರಿಸಲೇ ಇಲ್ಲ. ಡಾಕ್ಟರಮ್ಮ ಹಾಳೆ ತೆಗೆದುಕೊಂಡು ಮನೆ, ಮಕ್ಕಳು ಎಂದು ಏನೇನೋ ಮಾತಾಡಿಸಿದರು. ಆಮೇಲೆ ಹಾಳೆಯನ್ನು ನನ್ನ ಮುಂದೆ ಹಿಡಿದು, “ಇದನ್ನ ಓದ್ರಿ,” ಎಂದರು.

ಚಂದದ ಅಕ್ಷರ. ಒಂದೂ ತಿಳಿಯಲಿಲ್ಲ. “ಯಾರ ಬರದದ್ರಿ ಇದು?” ಎಂದೆ.

“ನೀವ ಬರದದ್ದು.”

ಪಕ್ಕದಲ್ಲಿದ್ದ ನಮ್ಮವರು ಬಗ್ಗಿ ಓದಿ ಹೇಳಿದರು: “‘ನನಗೆ ಚಹಾ ಬೇಕು, ಸಕ್ಕರೆ ಕಡಿಮೆ’ ಅಂತ ಬರದೀ.” ಹೇಳಿ ನಗಲು ಹೋದವರು ಅತ್ತುಬಿಟ್ಟರು. ನಾನು ಅಳಲಿಲ್ಲ. ಬರೆಯಲು ಬರುತ್ತದೆ, ಬರೆದದ್ದನ್ನು ಓದಲು ಬರುವುದಿಲ್ಲ. ಒಳಗಿನಿಂದ ಹೊರಗೆ ಬರುವ ಬಾಗಿಲು ತೆರೆದಿದೆ, ಹೊರಗಿನಿಂದ ಒಳಗೆ ಹೋಗುವುದು ಮುಚ್ಚಿದೆ. ಇಂಥದ್ದೂ ಇರುತ್ತದೆಯೇ ಎಂದು ಹಾಸಿಗೆಯಲ್ಲಿ ಮಲಗಿ ಅಚ್ಚರಿಪಟ್ಟೆ. ಅಳು ಬಂದದ್ದು ಆಮೇಲೆ, “ಓದು ತಿರುಗಿ ಬರ್ತೈತೇನ್ರಿ?” ಎಂದು ಕೇಳಿದಾಗ ಡಾಕ್ಟರಮ್ಮ, “ಹೇಳಾಕ ಆಗೂದಿಲ್ರಿ, ಪ್ರಯತ್ನ ಮಾಡೂನು,” ಎಂದಾಗ. ನನ್ನಿಂದ ಅಡುಗೆ ಕಿತ್ತುಕೊಳ್ಳಿ, ಹೊಲಿಗೆ ಕಿತ್ತುಕೊಳ್ಳಿ, ಸುಧಾರಿಸಿಕೊಂಡೇನು. ಓದು ಇಲ್ಲದ ಗಿರಿಜಾ ಹೇಗಿರುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸ್ಕ್ಯಾನಿಗೆ ಕಾಯುವಾಗ ನಮ್ಮವರು ದುಡ್ಡು ಕಟ್ಟಲು ಹೋಗಿದ್ದರು, ಪಕ್ಕದಲ್ಲಿ ಬಾದಾಮಿ ಕಡೆಯ ಹಿರಿಯರೊಬ್ಬರು ಕೂತಿದ್ದರು. ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ಬೀರಪ್ಪನ ಭಂಡಾರದ ಅರಿಶಿನ. ಹೆಂಡತಿಯನ್ನು ಒಳಗೆ ಕಳಿಸಿ ಕೈಯಲ್ಲೊಂದು ಚೀಟಿ ಹಿಡಿದಿದ್ದರು. ನನ್ನ ಚಷ್ಮಾ ನೋಡಿ, “ತಂಗೀ, ಇದರಾಗ ಯಾವ ಖೋಲಿ ಅಂತ ಬರದಾರ ನೋಡಬೇ,” ಎಂದು ಚೀಟಿ ಚಾಚಿದರು. ಬಸ್ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ ಎಷ್ಟು ಜನ ಹೀಗೆ ಚಾಚಿದ್ದಾರೆ, ಎಷ್ಟು ಜನರಿಗೆ ಓದಿ ಹೇಳಿದ್ದೇನೆ. ಚೀಟಿ ಹಿಡಿದು ಕೂತೆ. ಕೊನೆಗೆ ಜೀವನದಲ್ಲಿ ಮೊದಲ ಸಲ ಆ ಮಾತು ಹೇಳಿದೆ: “ಅಣ್ಣಾರ, ನನಗ ಓದಾಕ ಬರೂದಿಲ್ರಿ.”

ಅವರಿಗೆ ಅದೊಂದು ದೊಡ್ಡ ಸಂಗತಿಯೇ ಆಗಲಿಲ್ಲ. “ನನಗೂ ಬರೂದಿಲ್ಲ ಬಿಡು. ಏಳು, ಇಬ್ಬರೂ ಕೂಡೇ ಕೇಳೂನು.” ನಾನು ಎದ್ದು ಬಲಕ್ಕಿದ್ದ ಕುರ್ಚಿಗೆ ಢಿಕ್ಕಿ ಹೊಡೆದೆ. ಆ ಕಡೆ ಕಾಣುವುದಿಲ್ಲವೆಂದು ಹೇಳಿದೆ. “ಹಂಗಾರ ಆ ಕಡೆ ನಾ ಬರ್ತೇನಿ,” ಎಂದು ಬಲಕ್ಕೆ ಬಂದು ನಡೆದರು. ನರ್ಸಮ್ಮ ನಮ್ಮಿಬ್ಬರಿಗೂ ಒಂದೇ ಧಾಟಿಯಲ್ಲಿ ಗದರಿ ಖೋಲಿ ತೋರಿಸಿದಳು. ಆ ಹಿರಿಯರ ಹೆಸರನ್ನು ಕೇಳಲಿಲ್ಲ. ಅವರು ನಡೆದ ಬಲಗಡೆಯನ್ನು ಮರೆತಿಲ್ಲ.

ಇನ್ನು ನನ್ನ ಪುಸ್ತಕಗಳ ವಿಷಯ. ಕಮತಗಿಯಲ್ಲಿ ನನ್ನವ್ವ ಜಂಪರ ಹೊಲಿಯುತ್ತಿದ್ದಳು. ಊರವರ ಗುಳೇದಗುಡ್ಡದ ಖಣಗಳೆಲ್ಲ ಅವಳ ಕೈಯಲ್ಲೇ ಕುಪ್ಪಸವಾಗುತ್ತಿದ್ದವು, ಉಳಿದ ತುಂಡುಗಳು ನನ್ನ ಪುಸ್ತಕಗಳಿಗೆ ಅಂಗಿಯಾಗುತ್ತಿದ್ದವು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಹೊರಗೆ ಕೂತು, “ಅವ್ವಾ, ಇಂಥವರ ಪುಸ್ತಕ ಕೊಡು,” ಎಂದು ಕೂಗಿದರೆ ಅವಳು ಯಾವುದೆಂದು ಹುಡುಕಬೇಕು? ಅದಕ್ಕೆ ಅವಳೇ ಒಂದು ಉಪಾಯ ಮಾಡಿದಳು. ಒಬ್ಬ ಲೇಖಕರಿಗೆ ಒಂದು ಬಣ್ಣದ ಖಣ. ಅಲ್ಲಿಂದ ನಮ್ಮ ಮನೆಯಲ್ಲಿ ಲೇಖಕರಿಗೆ ಹೆಸರೇ ಇಲ್ಲ, ಬಣ್ಣ ಮಾತ್ರ. ನಾನೂ ಮದುವೆಯಾಗಿ ಹೊಲಿಗೆ ಹಿಡಿದ ಮೇಲೆ ಅದೇ ರೂಢಿ ಮುಂದುವರಿಸಿದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ, ರೂಢಿ ಬಿಡಲಾಗದು.

ಸಾಲೆಯಲ್ಲಿದ್ದಾಗ ಕೆಂಪು ಖಣದವರು. ಪತ್ತೇದಾರಿ. ಮೊದಲ ಪುಟದಲ್ಲೇ ಹೆಣ ಬೀಳಬೇಕು, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಹರೆಯಕ್ಕೆ ಬಂದಾಗ ಬದನೆಕಾಯಿ ಬಣ್ಣದವರು, ಅವರ ನಾಯಕಿಯರಿಗೆ ಯಾವಾಗಲೂ ತಲೆನೋವು, ಯಾವಾಗಲೂ ಕಿಟಕಿಯಾಚೆ ನೋಟ. ನಾನೂ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ಎದುರಿಗೆ ಹಿಟ್ಟಿನ ಗಿರಣಿ ಇತ್ತು. ಮದುವೆಯಾಗಿ ಬಾದಾಮಿಗೆ ಹೋದಾಗ ಹಸಿರು ಖಣದವರು ಸಿಕ್ಕರು. ಅವರ ಕಥೆಯ ಹೆಂಗಸರು ರೊಟ್ಟಿ ಬಡಿಯುತ್ತಲೇ ಸಿಟ್ಟಾಗುತ್ತಿದ್ದರು, ಸಿಟ್ಟಾದರೂ ರೊಟ್ಟಿ ಸೀಯುತ್ತಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವರನ್ನೆಲ್ಲ ಓದಿದೆ. ನನ್ನ ಪ್ರಾಣ ಅವರು. ನಡುವಯಸ್ಸಿನಲ್ಲಿ, ನಮ್ಮವರಿಗೆ ವರ್ಗವಾಗಿ ಇಳಕಲ್ಲಿಗೆ ಬಂದ ಮೇಲೆ, ಅರಿಶಿನ ಬಣ್ಣದವರ ಪ್ರವಾಸ ಕಥನಗಳು. ಬನಶಂಕರಿ, ಶಿವಯೋಗ ಮಂದಿರ ಬಿಟ್ಟು ಬೇರೆಡೆಗೆ ಹೋಗದವಳು ಅವರ ಜೊತೆ ಹಡಗು ಹತ್ತಿದೆ.

ನಮ್ಮವರಿಗೂ ಒಬ್ಬ ಪ್ರೀತಿಯ ಲೇಖಕರಿದ್ದರು. ಅವರ ಪುಸ್ತಕಗಳಿಗೆ ಖಣ ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ನಮ್ಮವರ ಹಳೆಯ ಖಾಕಿ ಪ್ಯಾಂಟು ಹರಿದು ಹೊದಿಕೆ ಹೊಲಿದೆ. ನಾನು ಅವರ ಎರಡು ಪುಟ ದಾಟಿದವಳಲ್ಲ. “ನಿಮ್ಮ ಖಾಕಿಯವರ ಕಥಿಯೊಳಗ ಒಬ್ಬಾಂವ ಒಳಗಿಂದ ಗೇಟಿಗೆ ಬರೂದ್ರಾಗ ನಂದು ಹೋಳಿಗಿ ಅಡಿಗಿ ಮುಗೀತೈತಿ!” ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದೆ. ನಮ್ಮವರು ಪುಸ್ತಕದಿಂದ ಕಣ್ಣು ತೆಗೆಯದೆ, “ಗಡಬಡಿ ಯಾಕ?” ಎನ್ನುತ್ತಿದ್ದರು. ಮದುವೆಯಾದಾಗಿನಿಂದ ಅದೇ ಮಾತು.

ಆಸ್ಪತ್ರೆಯಲ್ಲಿ ಮಾತು, ಓದು ಕಲಿಸುವ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳು ಹೇಳಿದ್ದು: “ಕಣ್ಣಿಗೆ ತಿಳೀಲಿಲ್ಲಂದ್ರ ಬೆರಳಿಗೆ ಕೇಳ್ರಿ.” ಅಕ್ಷರವನ್ನು ನೋಡಿ ಅದೇ ಆಕಾರವನ್ನು ಎಡ ಅಂಗೈ ಮೇಲೆ ಬಲ ತೋರುಬೆರಳಿನಿಂದ ತಿದ್ದಬೇಕು. ಬೆರಳು ಸುತ್ತು ಹಾಕಿ ಕೊಂಬು ಎಳೆದಾಗ, ಅರೆ, ಇದು ‘ಗು’ ಎಂದು ತಲೆಗೆ ಹೊಳೆಯುತ್ತಿತ್ತು. ‘ವ’ ಮತ್ತು ‘ಮ’ ಕೆಲವು ದಿನ ನನ್ನನ್ನು ಸತಾಯಿಸಿದವು. ಒಂದು ಶಬ್ದಕ್ಕೆ ಬೆವರು ಬರುತ್ತಿತ್ತು. ಆದರೂ ಬೆರಳಿಗೆ ಗೊತ್ತಿರುವುದು ಕಣ್ಣಿಗೆ ಗೊತ್ತಿಲ್ಲವಲ್ಲ, ಇದೆಂಥ ಮಜಾ ಎನಿಸುತ್ತಿತ್ತು. ಪಕ್ಕದ ಹಾಸಿಗೆಯಾಕೆ, “ಈ ಅಮ್ಮಾರು ಅಂಗೈ ಯಾಕ ಕೆರಕೊಳ್ಳಾಕತ್ತಾರ?” ಎಂದು ಕೇಳಿದ್ದಳಂತೆ.

ನಮ್ಮವರು ಮನೆಯಿಂದ ನನ್ನ ಹಸಿರು ಖಣದವರ ಪುಸ್ತಕವೊಂದನ್ನು ತಂದರು. ಮೊದಲ ಎರಡು ಶಬ್ದ ತಿದ್ದಿ ಓದಿದೆ. ಮೂರನೆಯದು ತಾನಾಗಿ ಬಂತು. ಆಮೇಲೆ ಸಾಲು ಸಾಲು! ಅರ್ಧ ಪುಟ ಗಡಗಡ ಓದಿದೆ. ಸಂತೋಷಕ್ಕೆ ಕಣ್ಣೀರು ಬಂತು. ಪಕ್ಕದಲ್ಲಿ ಕೂತು ಪುಟ ನೋಡುತ್ತಿದ್ದ ನಮ್ಮವರು ಮೆಲ್ಲಗೆ, “ಗಿರಿಜಾ, ಈ ಪುಟದಾಗ ಅದಿಲ್ಲ,” ಎಂದರು.

“ಏನಿಲ್ಲ?”

“ನೀ ಹೇಳಿದ್ದು ಮುಂದಿನ ಪುಟಕ್ಕ ಹೋತು. ನೀ ಪುಟಾ ಹೊಳ್ಳಿಸಿಲ್ಲ. ಓದಾಕತ್ತಿಲ್ಲ ನೀ, ಬಾಯಿಪಾಠ ಹೇಳಾಕತ್ತೀ.”

ಆ ದಿನ ನಾನು ಊಟ ಮಾಡಲಿಲ್ಲ. ನನ್ನ ಪ್ರೀತಿಯ ಪುಸ್ತಕಗಳೇ ನನಗೆ ಮೋಸ ಮಾಡುತ್ತಿದ್ದವು, ಅಷ್ಟು ಸಲ ಓದಿದ್ದೆ ಅವನ್ನು. ಕಲಿಸುವ ಹುಡುಗಿ, “ಓದದೇ ಇರೋ ಪುಸ್ತಕ ಹಿಡೀರಿ ಆಂಟಿ, ಗೊತ್ತಿಲ್ಲದ್ದನ್ನ ಓದಿದ್ರ ಅದು ಖರೆ ಓದು,” ಎಂದಳು. ಮನೆಯಲ್ಲಿ ನಾನು ಓದದ ಪುಸ್ತಕ ಎಲ್ಲಿಂದ ತರಲಿ ಎಂದು ಯೋಚನೆಗೆ ಬಿದ್ದೆ.

ಮನೆಗೆ ಬಂದ ದಿನ ನಮ್ಮವರ ತಂಗಿ ಶಾಂತಾ ಬಾಗಿಲಲ್ಲೇ ದೃಷ್ಟಿ ತೆಗೆದಳು. ನಾನು ಆಸ್ಪತ್ರೆಯಲ್ಲಿದ್ದಾಗ ಬಾದಾಮಿಯಿಂದ ಬಂದು ಮನೆ ನೋಡಿಕೊಂಡವಳು ಅವಳೇ, ನನ್ನ ಒಳ್ಳೆಯ ನಾದಿನಿ. ನನ್ನನ್ನು ಕೈಹಿಡಿದು ಕಪಾಟಿನ ಮುಂದೆ ನಿಲ್ಲಿಸಿದಳು.

“ನೋಡ್ರಿ ವೈನೀ! ಎಷ್ಟ ಧೂಳಿತ್ತು. ಬ್ಯಾನಿ ಬಿದ್ದು ಬರೋರಿಗೆ ಧೂಳ ಆಗೂದಿಲ್ಲಂತ ಎಲ್ಲಾ ಅಂಗಿ ಬಿಚ್ಚಿ ಒಗದು, ಪುಸ್ತಕಾ ಮಾಳಗಿ ಮ್ಯಾಲೆ ಬಿಸಲಿಗೆ ಹಾಕಿ, ಯಾವದು ಯಾವದಕ್ಕ ಕೂಡತೈತಿ ನೋಡಿ ಬರೋಬ್ಬರಿ ತೊಡಿಸೀನಿ. ಈಗ ಒಂದೂ ಸಡ್ಲ ಇಲ್ಲ!”

ಅಯ್ಯೋ ಶಿವನೇ. ಅಳತೆ ನೋಡಿ ತೊಡಿಸಿದ್ದಳು. ಕೆಂಪು ಖಣದೊಳಗೆ ಯಾರೋ, ಅರಿಶಿನದೊಳಗೆ ಯಾರೋ. ಓದಲು ಬಾರದ ನನಗೆ ಉಳಿದಿದ್ದ ಗುರುತು ಅದೊಂದೇ, ಅವ್ವ ಕೊಟ್ಟದ್ದು. ಶಾಂತಾಳ ಮುಂದೆ ಹೂಂ, ಚಂದ ಆಗೈತಿ ಎಂದೆ, ಒಳಗೆ ಹೋಗಿ ದಿಂಬಿನಲ್ಲಿ ಮುಖ ಹುದುಗಿಸಿ ಬಿಕ್ಕಿದೆ. ಅವ್ವನೂ ಹೀಗೇ ನಿಲ್ಲುತ್ತಿದ್ದಳಲ್ಲ ಕಪಾಟಿನ ಮುಂದೆ, ಬಣ್ಣ ನೋಡುತ್ತ. ಒಳಗೆ ಏನಿದೆ ಎಂದು ಒಮ್ಮೆಯಾದರೂ ಅವಳಿಗೆ ಆಸೆ ಆಗಿರಲಿಲ್ಲವೇ? ನಾನು ಕೇಳಲೇ ಇಲ್ಲ, ಅವಳು ಹೇಳಲೇ ಇಲ್ಲ.

ನಮ್ಮವರು ಬಂದು ಮಂಚದ ಮೇಲೆ ಕೂತರು. “ಶಾಂತಾ ಊರಿಗೆ ಹೋದ ಮ್ಯಾಲೆ ಎಲ್ಲಾ ಮೊದಲಿನಂಗ ಹಾಕಿ ಕೊಡ್ತೇನಿ. ಅಳಬ್ಯಾಡ.”

ಹೂಂ ಎನ್ನುವವಳಿದ್ದೆ. ಅಷ್ಟರಲ್ಲಿ ಆ ಹುಡುಗಿಯ ಮಾತು ನೆನಪಾಯಿತು. ಎದ್ದು ಕೂತೆ. “ಬ್ಯಾಡ್ರಿ! ಹಂಗ ಇರ್ಲಿ. ಈಗ ಯಾವದ ತಗದ್ರೂ ಒಳಗ ಯಾರಂತ ನನಗ ಗೊತ್ತಿಲ್ಲ, ಬಾಯಿಪಾಠ ಹೇಳಾಕ ಆಗೂದಿಲ್ಲಲ್ಲ?”

ಕಪಾಟಿನಿಂದ ಹಸಿರು ಖಣ ತೊಟ್ಟದ್ದೊಂದನ್ನು ಎಳೆದೆ. ಒಳಗಿರುವವರು ಹಸಿರು ಖಣದವರಂತೂ ಅಲ್ಲ, ಅವರ ಪುಟಗಳ ದಪ್ಪ ಕೈಗೆ ಗೊತ್ತು. ನಮ್ಮವರು ಪುಸ್ತಕ ಇಸಿದುಕೊಂಡು ತೆರೆದು ನೋಡಿದರು. ಯಾಕೋ ಮೆಲ್ಲಗೆ ಮುಚ್ಚಿದರು. “ಯಾರದು ಅಂತ ಹೇಳಬ್ಯಾಡ್ರಿ, ನನ್ನಾಣಿ,” ಎಂದೆ. “ಹೇಳೂದಿಲ್ಲ,” ಎಂದು ಪುಸ್ತಕ ಕೈಗಿಟ್ಟು ಚಹಾ ಮಾಡಲು ಹೋದರು.

ಶುರುಮಾಡಿದೆ. ದಿನವೂ ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತು, ಸಾಲಿನ ಬಲತುದಿ ತಪ್ಪಿಹೋಗದಂತೆ ಅಲ್ಲಿ ಟೇಪು ಇಟ್ಟುಕೊಂಡು, ಅಂಗೈ ಮೇಲೆ ತಿದ್ದುತ್ತ. ಒಂದು ಸಾಲಾದರೆ ಒಳ್ಳೆಯ ದಿನ. ಒಬ್ಬ ಮುದುಕ. ಅವನು ನೀರು ಕುಡಿಯುತ್ತಾನೆ. ಅಷ್ಟಕ್ಕೆ ಒಂದು ದಿನ ಹೋಯಿತು. ಮರುದಿನ, ನೀರು ಕುಡಿದು ತಂಬಿಗೆಯೊಳಗೆ ಇಣುಕಿ ನೋಡುತ್ತಾನೆ. ಏನು ಕಂಡಿತು? ನಾಳೆಯೇ ಗೊತ್ತಾಗಬೇಕು! ಅಂದು ಪೂರ್ತಿ ರೊಟ್ಟಿ ಬಡಿಯುವಾಗಲೂ ನನಗೆ ಅದೇ ಚಿಂತೆ.

ಯಾರಿವರು ಎಂದು ಊಹಿಸುವ ಆಟ ಶುರುವಾಯಿತು. “ಕೆಂಪು ಖಣದವರಲ್ಲ. ಇಷ್ಟೊತ್ತಿಗೆ ನೀರಾಗ ವಿಷ ಹಾಕಿರ್ತಿದ್ರು,” ಎಂದೆ ನಮ್ಮವರಿಗೆ. ಅವರು ಅವರೆಕಾಯಿಯ ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡರು. “ಬದನಿಕಾಯಿಯವರೂ ಅಲ್ಲ, ಮುದುಕಗ ಇನ್ನಾ ತಲಿನೋವ ಬಂದಿಲ್ಲ. ಅರಿಶಿಣದವರಾಗಿದ್ರ ಹಡಗ ಹತ್ತಿ ಎಷ್ಟೊತ್ತಾಗಿರ್ತಿತ್ತು!” ಅವರು ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಲೇ ಇದ್ದರು. ಕಿವಿ ಕೆಂಪಗಾಗಿತ್ತು.

ನನಗೆ ಬಂದಂಥದ್ದೇ ಬಂದು ಕೂತವರು ಇದನ್ನು ಯಾರಿಂದಲಾದರೂ ಓದಿಸಿ ಕೇಳುತ್ತಿದ್ದರೆ ಒಂದು ಮಾತು ಹೇಳಬೇಕು. ಪೂರ್ತಿ ವಾಸಿಯಾಯಿತು ಎಂದು ನಾನು ಹೇಳಲಾರೆ. ಬಲಗಡೆ ಇನ್ನೂ ಮಸುಕು, ಈಗಲೂ ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳುತ್ತೇನೆ. ಪೇಪರ್ ಇನ್ನೂ ಅರ್ಧ ತೆಲುಗೇ. ಆದರೆ ಮೊದಲು ನಾನು ಪುಸ್ತಕ ನುಂಗುತ್ತಿದ್ದೆ, ಈಗ ಅಗಿಯುತ್ತೇನೆ. ಒಂದು ಶಬ್ದ ಒಂದು ಅಗಳಿನ ಹಾಗೆ ರುಚಿ ಕೊಡುತ್ತದೆಯೆಂದು ನನಗೆ ಬ್ಯಾನಿ ಬರುವ ತನಕ ಗೊತ್ತಿರಲಿಲ್ಲ. ಬ್ಯಾನಿ ಬರಬಾರದಿತ್ತು, ಬಂದದ್ದಕ್ಕೆ ಇದೊಂದು ಸಿಕ್ಕಿತು.

ಮುದುಕ ತಂಬಿಗೆಯ ತಳದಲ್ಲಿ ತನ್ನ ಮುಖ ನೋಡಿಕೊಂಡ. ತಂಬಿಗೆಯನ್ನು ಬೋರಲು ಹಾಕಿದ. ಬಡಿಗೆ ತೆಗೆದುಕೊಂಡ. ಹೊಸ್ತಿಲ ಮೇಲೆ ಇರುವೆ ಸಾಲು ಹೊರಟಿತ್ತು, ಅದು ದಾಟಲಿ ಎಂದು ನಿಂತ. ನಾನೂ ಅಂಗೈ ಮೇಲೆ ಬೆರಳಿಟ್ಟುಕೊಂಡು ಅವನ ಜೊತೆ ನಿಂತೆ, ಇರುವೆಗಳು ಒಂದೊಂದಾಗಿ ಹೋಗುವುದನ್ನು ಕಂಡೆ. ಇಷ್ಟು ವರ್ಷ ಇಷ್ಟು ಓದಿದ್ದೇನೆ, ಹೀಗೆ ನನ್ನನ್ನು ಕೈಹಿಡಿದು ನಿಲ್ಲಿಸಿದವರು ಯಾರೂ ಇರಲಿಲ್ಲ. ಎಲ್ಲರೂ ನನ್ನನ್ನು ಓಡಿಸಿದವರೇ. ಇವರ ನಡಿಗೆಯೂ ನನ್ನ ಬೆರಳಿನ ನಡಿಗೆಯೂ ಒಂದೇ ಆಗಿತ್ತು.

ಆಮೇಲೆ ಅವನು ಅಂಗಳಕ್ಕಿಳಿದ. ಅಲ್ಲೊಂದು ಬೇವಿನ ಮರ, ಅದರ ಕೆಳಗೆ ಮತ್ತೆ ನಿಂತ. ನನ್ನ ಬೆರಳು ಅಂಗೈ ಮೇಲೆಯೇ ನಿಂತುಹೋಯಿತು. ಇಷ್ಟು ದಿನವಾಯಿತು, ಈ ಮನುಷ್ಯ ಇನ್ನೂ ಮನೆಯಿಂದ ಹೊರಗೇ ಬಿದ್ದಿಲ್ಲ! ಬಿದ್ದೂ ಬಿದ್ದೂ ನಗು ಬಂತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ.

“ಏನ್ರೀ. ಇವರು ಖಾಕಿಯವರಲ್ರೀ?”

ನಮ್ಮವರು ಒಲೆಯ ಮುಂದೆ ನಿಂತಿದ್ದರು, ಚಹಾ ಉಕ್ಕಿ ಬರುತ್ತಿತ್ತು. ಹೌದೆಂದು ತಲೆಯಾಡಿಸಿದರು. ಎಷ್ಟು ದಿನದಿಂದ ಆ ಗುಟ್ಟನ್ನು ಬಾಯಲ್ಲಿಟ್ಟುಕೊಂಡಿದ್ದರೋ ಪಾಪ. ಕಣ್ಣು ತುಂಬಿತ್ತು.

“ಹೆಂಗೈತಿ?” ಎಂದರು. ಮದುವೆಯಾದಾಗಿನಿಂದ ಕೇಳಬೇಕೆಂದು ಕಾದಿದ್ದ ಮಾತು ಅದು, ನನಗೆ ಗೊತ್ತು.

“ಭಾಳ ಚಲೋ ಐತ್ರಿ.”

ಅವರು ಒಲೆ ಆರಿಸಿದರು. ಕೈಯನ್ನು ಪಂಚೆಗೆ ಒರೆಸಿಕೊಂಡರು. “ನಾಳಿ ಆ ಹಸರ ಖಣಾ ಬಿಚ್ಚಿ ಖಾಕಿ ಹಾಕ್ತೇನಿ. ನಿನ್ನ ಹಸರ ಖಣದವ್ರು ನನ್ನ ಖಾಕಿ ಹಾಕ್ಕೊಂಡ ಕುಂತಾರ ಅಲ್ಲಿ.”

“ಮುಟ್ಟಬ್ಯಾಡ್ರಿ ಅದನ್ನ. ಅವರಿಗೆ ಬ್ಯಾರೆ ಹೊಲೀತೇನಿ. ಇವರಿಗೆ ಹಸರ ಒಪ್ಪೈತಿ.”

ಹೊಳ್ಳಿ ಬಂದು ಯಂತ್ರದ ಮುಂದೆ ಕೂತೆ. ಬೇವಿನ ಮರದ ಸಾಲಿನ ಮೇಲೆ ಬೆರಳಿಟ್ಟೆ. ನಮ್ಮವರು ಚಹಾ ತಂದು, ಕಾಣುವ ಕಡೆ, ಎಡಕ್ಕೆ ಇಟ್ಟರು. ಹೋಗಲಿಲ್ಲ. ಆ ಪುಸ್ತಕವನ್ನು ಎಷ್ಟೋ ಸಲ ಓದಿ ಮುಗಿಸಿದ ಮನುಷ್ಯ, ಮಗುವಿನ ಹಾಗೆ ಬಗ್ಗಿ ಕೇಳಿದರು: “ಅಂವಾ ಗೇಟಿಗೆ ಬಂದನೇನು?”

“ಇನ್ನಾ ಇಲ್ಲ,” ಎಂದೆ. “ಗಡಬಡಿ ಯಾಕ್ರಿ?”